ಒಳಗೆ ನಡಿಗೆ ಇದೆ, ಯಾರೂ ನಡೆಯಬೇಡಿ

ಮೊನ್ನೆ ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ನಮ್ಮ ಉದ್ಯಾನದ ಗೇಟಿಗೆ ಹಗ್ಗ ಕಟ್ಟಿತ್ತು. ಅದರ ಹಿಂದೆ ಕೊರಳಿಗೆ ಬ್ಯಾಡ್ಜು ಹಾಕಿಕೊಂಡ ಒಬ್ಬ ಹುಡುಗ.

"ಇವತ್ತ ವಾಕಿಂಗ್ ಬಂದ್ ಐತ್ರಿ ಕಾಕಾ. ಒಳಗ ವಾಕಿಂಗ್ ಕಾರ್ಯಕ್ರಮ ಐತಿ."

ಪಾಪ, ಅವನು ಜೋಕ್ ಮಾಡ್ತಿರಲಿಲ್ಲ. ಒಳಗೆ ಇಣುಕಿದೆ. ನಾವು ದಿನಾ ಸುತ್ತುವ ದಾರಿಯ ಉದ್ದಕ್ಕೂ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಶಾಮಿಯಾನದ ಕಂಬ ನೆಡೋಕೆ ಅದೇ ದಾರಿಯ ಫರಸಿ ಕಿತ್ತು ಗುಂಡಿ ತೋಡಿದ್ದರು. ಬ್ಯಾನರಿನಲ್ಲಿ ಹನ್ನೆರಡು ಜನರ ಫೋಟೊ, ಕೆಳಗೆ ಸಣ್ಣಗೆ 'ಬೃಹತ್ ಆರೋಗ್ಯ ನಡಿಗೆ'. ಆ ಹನ್ನೆರಡರಲ್ಲಿ ಒಂದು ಮುಖವನ್ನೂ ನಾನು ಈ ಉದ್ಯಾನದಲ್ಲಿ ಕಂಡಿದ್ದಿಲ್ಲ.

ನನ್ನ ಕಥೆ ಸ್ವಲ್ಪ ಹೇಳಿಬಿಡ್ತೀನಿ. ಹೋದ ವರ್ಷ ಬೀಗರು ಬಂದಿದ್ದಾಗ ಅವರಿಗೆ ಗೋಳಗುಮ್ಮಟ ತೋರಿಸೋಕೆ ಹೋಗಿ, ಮೂಲೆಯ ಮಿನಾರಿನ ಮೆಟ್ಟಿಲು ಹತ್ತುತ್ತಾ ಮೂರನೇ ಅಂತಸ್ತಿಗೇ ಕೂತುಬಿಟ್ಟೆ. ಇದ್ದದ್ದು ಏಳು ಅಂತಸ್ತು. ಬೀಗರು ಮೇಲೆ ಹೋಗಿ, ಪಿಸುಗುಟ್ಟಿ, ಚಪ್ಪಾಳೆ ತಟ್ಟಿ, ಇಳಿದು ಬಂದರೂ ನಾನು ಅಲ್ಲೇ ಇದ್ದೆ. ಮರುದಿನ ಡಾಕ್ಟರ್ ಹತ್ರ ಹೋದರೆ ಶುಗರ್ ಹೊಸ್ತಿಲಲ್ಲಿ ನಿಂತಿದೆ ಅಂದರು. ಹತ್ತು ನಿಮಿಷ ನಡೀರಿ, ವಾರಕ್ಕೆ ಎರಡೆರಡು ನಿಮಿಷ ಜಾಸ್ತಿ ಮಾಡ್ರಿ, ಅಷ್ಟೇ. ನನಗೆ ನಿರಾಶೆಯೇ ಆಯಿತು. ಇಷ್ಟು ಸಣ್ಣ ಔಷಧಕ್ಕೆ ಇಷ್ಟು ಫೀಸಾ ಅಂತ. ಆದರೆ ಹಾಗೇ ಮಾಡುತ್ತಾ ಮಾಡುತ್ತಾ ಈಗ ಅರ್ಧ ಗಂಟೆಗೆ ಬಂದಿದ್ದೀನಿ. ಚಹಾದ ಸಕ್ಕರೆ ಎರಡು ಚಮಚದಿಂದ ಒಂದೂವರೆ, ಆಮೇಲೆ ಒಂದು, ಈಗ ಅರ್ಧ. ಇದಕ್ಕೆ ಯಾರೂ ರಿಬ್ಬನ್ ಕತ್ತರಿಸಲಿಲ್ಲ, ಸಕ್ಕರೆ ಡಬ್ಬಿಗೂ ಗೊತ್ತಾಗಲಿಲ್ಲ.

ಕಾರ್ಯಕ್ರಮಕ್ಕೆ ಬರೋಣ. ನಡೆಯೋಕೆ ಬಿಡದಿದ್ದರೂ ಕೂರೋಕೆ ಬಿಟ್ಟರು, ನಾನೂ ಒಳಗೆ ಹೋಗಿ ಒಂದು ಕುರ್ಚಿ ಹಿಡಿದೆ. ಆರಕ್ಕೆ ಶುರು ಅಂತಿದ್ದ ನಡಿಗೆಯ ಅತಿಥಿಗಳು ಏಳೂ ಮುಕ್ಕಾಲಿಗೆ ಬಂದರು, ಕಾರಿನಲ್ಲಿ. ಕಾರು ಗೇಟಿನಲ್ಲೂ ನಿಲ್ಲಲಿಲ್ಲ, ವೇದಿಕೆಯ ಮೆಟ್ಟಿಲವರೆಗೂ ಬಂತು. ಅಷ್ಟು ದೂರ ನಡೆದರೆ ದಣಿವಾಗಲ್ವಾ? ಹಸಿರು ಬಾವುಟ ಬೀಸಿದರು. ಅತಿಥಿಗಳು ಫೋಟೊದವನ ಕಡೆ ಮುಖ ಮಾಡಿ ನಡೆದರು, ಫೋಟೊದವನು ಅವರ ಕಡೆ ಮುಖ ಮಾಡಿ ಹಿಂದಕ್ಕೆ ನಡೆದ. ಮೂವತ್ತೆಂಟು ಹೆಜ್ಜೆ. ಎಣಿಸಿದ್ದೀನಿ, ಬೇರೆ ಕೆಲಸ ಇರಲಿಲ್ಲ. ಆಮೇಲೆ ಎಲ್ಲರೂ ಕೂತರು.

ಒಂದೂವರೆ ಗಂಟೆ ಭಾಷಣ. ವಿಷಯ: ಕೂತಲ್ಲೇ ಕೂರೋದು ದೇಹಕ್ಕೆ ಎಷ್ಟು ಕೆಟ್ಟದ್ದು. ಗೋಳಗುಮ್ಮಟದಲ್ಲಿ ಒಂದು ಮಾತು ಆಡಿದರೆ ಏಳು ಸಲ ಕೇಳುತ್ತೆ ಅಂತಾರಲ್ಲ, ಇಲ್ಲಿ ಗುಮ್ಮಟ ಇಲ್ಲದೇನೇ ಒಬ್ಬರು ಆಡಿದ ಮಾತು ಏಳು ಜನರ ಬಾಯಲ್ಲಿ ಕೇಳಿಸಿತು.

ಒಬ್ಬರಂತೂ "ನಾಳೆಯಿಂದ ಎಲ್ಲರೂ ದಿನಕ್ಕೆ ಹತ್ತು ಸಾವಿರ ಹೆಜ್ಜೆ!" ಅಂತ ಮೇಜು ಕುಟ್ಟಿದರು. ಈ ಹತ್ತು ಸಾವಿರ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ. 1965ರ ಸುಮಾರಿಗೆ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ತಂತು. ಅದರ ಹೆಸರೇ 'ಮಾನ್‌ಪೊ-ಕೆಯಿ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ. ಅಷ್ಟಾಗದಿದ್ದರೆ ಆದಷ್ಟು ಮಾಡಿ, ಏನೂ ಇಲ್ಲದ್ದಕ್ಕಿಂತ ಅದು ವಾಸಿ ಅಂತಲೂ ಅದೇ ಹೇಳುತ್ತೆ. ಆದರೆ 'ಆದಷ್ಟು ಮಾಡಿ' ಅಂತ ಹೇಳಿ ಮೇಜು ಕುಟ್ಟೋಕಾಗುತ್ತಾ? ನನ್ನ ಪಕ್ಕ ಕೂತವರ ಕೈಯಲ್ಲಿ ಹೆಜ್ಜೆ ಎಣಿಸೋ ವಾಚಿತ್ತು. ಭಾಷಣ ಮುಗಿಯೋವರೆಗೂ ಕೂತಲ್ಲೇ ಕೈ ಅಲ್ಲಾಡಿಸಿ ಎಂಟು ನೂರು ಹೆಜ್ಜೆ ಮುಗಿಸಿದರು.

ಆಮೇಲೆ ಪ್ರತಿಜ್ಞಾವಿಧಿ. ಬಲಗೈ ಮುಂದೆ ಚಾಚಿ, ನಾಳೆಯಿಂದ ಸಕ್ಕರೆ ಬಿಟ್ಟೆ, ಎಣ್ಣೆ ಬಿಟ್ಟೆ, ಮೈದಾ ಬಿಟ್ಟೆ, ಐದಕ್ಕೆ ಎದ್ದೆ. ಒಂದೇ ಉಸಿರಿಗೆ ನಾಲ್ಕು. ಇಪ್ಪತ್ತೊಂದು ದಿನ ಮಾಡಿದರೆ ಸಾಕು, ರೂಢಿ ಆಗಿಬಿಡುತ್ತೆ ಅಂದರು ಮೈಕಿನವರು. ಲಂಡನ್ನಿನಲ್ಲಿ 96 ಜನರ ಮೇಲೆ ಇದನ್ನೇ ನೋಡಿದ್ದಾರೆ. ಒಂದೊಂದು ಸಣ್ಣ ರೂಢಿ ಕೂರೋಕೆ ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18, ಕೆಲವರ ಲೆಕ್ಕ 254ರವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗಲ್ಲ ಅಂತಲೂ ಅದರಲ್ಲೇ ಕಂಡಿದೆ. ನಮ್ಮ ಊರಿನ ಲೆಕ್ಕ ಮಾತ್ರ ಬೇರೆ. ಜನವರಿ ಒಂದಕ್ಕೆ ಹೊಸ ಬೂಟು ಹಾಕಿ ಓಡೋಕೆ ಶುರು ಮಾಡಿದವರು ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮಿರ್ಚಿ ಭಜಿ ಅಂಗಡಿ ಮುಂದೆ ಸಿಗ್ತಾರೆ. ಅದೇ ಬೂಟಿನಲ್ಲಿ.

ಎಣ್ಣೆ ಬಿಟ್ಟ ಕೈ ಕೆಳಗಿಳಿಯೋದರೊಳಗೆ ನಾಷ್ಟಾ ಬಂತು. ಉಪ್ಪಿಟ್ಟು, ಶಿರಾ, ಮಿರ್ಚಿ. ಶಿರಾದ ಅಂಚಿನಲ್ಲಿ ತುಪ್ಪ ಕೆರೆ ಕಟ್ಟಿ ನಿಂತಿತ್ತು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ, ಮಿರ್ಚಿ ಗರಿಗರಿಯಾಗಿತ್ತು. ಒಂದೇ ತಿಂದೆ. ಮೊದಲಾಗಿದ್ದರೆ ನಾಲ್ಕು.

ಪಕ್ಕದಲ್ಲಿ ಸಿರಿಧಾನ್ಯ ಮಳಿಗೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ಇಂಥ ಮಳಿಗೆ ಇಲ್ಲದೆ ಯಾವ ಆರೋಗ್ಯ ಕಾರ್ಯಕ್ರಮವೂ ಆಗಲ್ಲ. ಗಾಜಿನ ಡಬ್ಬಿಯಲ್ಲಿ 'ಸೊರ್ಗಂ ಕುಕೀಸ್', ಮೇಲೆ ಸಕ್ಕರೆ ಪುಡಿ, ಆರಕ್ಕೆ ನೂರಿಪ್ಪತ್ತು ರೂಪಾಯಿ. ಸೊರ್ಗಂ ಅಂದರೆ ಏನಪ್ಪಾ ಅಂತ ಕೇಳಿದೆ. ಮಾರುವ ಹುಡುಗಿ ಮೊಬೈಲ್ ನೋಡಿ, "ಜ್ವಾಳಂತ್ರಿ ಸರ" ಅಂದಳು. ಡೋಣಿ ನದಿ ದಂಡೆಯ ಎರೆ ಹೊಲದಲ್ಲಿ ಬಿಳಿಜೋಳ ಬೆಳೆಯೋ ಜಿಲ್ಲೆ ನಮ್ಮದು. ನಮಗೆ ಜೋಳವನ್ನು ಬಿಸ್ಕತ್ತು ಮಾಡಿ ಪರಿಚಯ ಮಾಡಿಸುತ್ತಿದ್ದಾರೆ.

ಇಷ್ಟೆಲ್ಲ ಆಗುವಾಗ ಹಗ್ಗದ ಆಚೆ ಒಬ್ಬ ಮುದುಕಿ ನಿಂತಿದ್ದಳು. ತಲೆ ಮೇಲೆ ಬುಟ್ಟಿ, ಅದರಲ್ಲಿ ಬಿಳಿ ಬಟ್ಟೆ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ದಿನಾ ಬೆಳಿಗ್ಗೆ ಉದ್ಯಾನದ ಒಳಗಿಂದ ಹಾದು ಆಚೆ ಓಣಿಯ ಖಾನಾವಳಿಗೆ ರೊಟ್ಟಿ ಕೊಡ್ತಾಳೆ. ಎಷ್ಟು ಹೆಜ್ಜೆಯೋ, ಯಾವ ವಾಚೂ ಎಣಿಸಿಲ್ಲ. ಅವತ್ತು ಎರಡು ತಾಸು ನಿಲ್ಲಿಸಿದ್ದರು.

"ಏನ್ ನಡದೈತ್ರಿ ಒಳಗ?" ಅಂತ ನನ್ನ ಕೇಳಿದಳು.

"ನಡೀರಿ ಅಂತ ಹೇಳಾಕತ್ತಾರ, ಆಯಿ."

"ಹಂಗಾರ ಬಿಡ್ರಲಾ ಮತ್ತ," ಅಂದಳು.

ಮರುದಿನ ಕುರ್ಚಿ ಹೋಗಿದ್ದವು, ಗುಂಡಿ ಇದ್ದವು. ಪ್ರತಿಜ್ಞೆ ಮಾಡಿದವರ ಪೈಕಿ ಹತ್ತಿಪ್ಪತ್ತು ಜನ ಬಂದಿದ್ದರು. ಒಬ್ಬರು ಮೊದಲ ದಿನವೇ ಹತ್ತು ಸಾವಿರ ಮುಗಿಸುವ ಹಟದಲ್ಲಿ ಓಡಿ, ಗುಂಡಿಯಲ್ಲಿ ಕಾಲು ಹೊರಳಿಸಿಕೊಂಡು ಕಟ್ಟೆ ಮೇಲೆ ಕೂತರು. ಮಂಗಳವಾರ ಆರು ಜನ. ಗುರುವಾರದ ಹೊತ್ತಿಗೆ ಮತ್ತೆ ನಾವು ಹಳಬರೇ, ಗುಂಡಿ ಬಳಸಿಕೊಂಡು, ನಮ್ಮ ಅರ್ಧ ಗಂಟೆ.

ಓಪನ್ ಜಿಮ್ಮಿನ ಪೆಡಲ್ ಮೇಲೆ ಬ್ಯಾಡ್ಜಿನ ಹುಡುಗ ಕೂತು ಮೊಬೈಲ್ ನೋಡ್ತಿದ್ದ. ಆ ಪೆಡಲ್ ಉದ್ಘಾಟನೆಯ ತಿಂಗಳಿಗೇ ಜಾಮ್ ಆಗಿದೆ, ಕೂರೋಕೆ ಚೆನ್ನಾಗಿದೆ. ಗುಂಡಿ ಯಾವಾಗ ಮುಚ್ತಾರಪ್ಪಾ ಅಂದೆ.

"ಮುಚ್ಚಂಗಿಲ್ರಿ ಕಾಕಾ. ಮುಂದಿನ ವರ್ಷ ಮತ್ತ ಕಂಬ ಹಾಕೂದ ಐತಲ್ರಿ. ಈ ಸಲ ಜನ ಭಾಳ ಬಂದಿದ್ರಂತ, ಮೂರು ದಿನ ಮಾಡೋರದಾರ."

"ಮೂರು ದಿನ ಗೇಟ್ ಬಂದಾ?"

"ಐದು ದಿನರಿ. ಶಾಮಿಯಾನ ಹಾಕಾಕ ಎರಡು ದಿನ ಬೇಕಲ್ರಿ."