ಎಲ್ಲ ಹೇಳುವ ಫೋಟೋ, ಅಂತೆ!

ಮತ್ತೆ ಅದೇ ಫೋಟೋ ಬಂತು. 2011ರ ಮೇ 1, ಶ್ವೇತಭವನದ ಸಿಚುಯೇಷನ್ ರೂಮ್, ಅಂದರೆ ತುರ್ತು ಸಭೆಗಳ ಕೋಣೆ. ಒಸಾಮ ಬಿನ್ ಲಾಡೆನ್ ಮೇಲಿನ ದಾಳಿ ನಡೆಯುತ್ತಿದೆ. ಒಬಾಮ ಮತ್ತವರ ತಂಡ ಕಣ್ಣು ಮಿಟುಕಿಸದೆ ಕೂತಿದೆ. ಹಿಲರಿ ಕ್ಲಿಂಟನ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ. ಕೆಳಗೆ ಪರಿಚಿತರೊಬ್ಬರ ಒಕ್ಕಣೆ: "ಹೆಣ್ಣಿನ ಕರುಳು. ವಿವರಣೆ ಬೇಕಿಲ್ಲ, ಫೋಟೋನೇ ಎಲ್ಲ ಹೇಳುತ್ತೆ."

ವಿವರಣೆ ಬೇಕಿಲ್ಲ ಅಂದಮೇಲೆ ಆ ಸಾಲು ಯಾಕೆ ಬರೆದಿರಿ ಸ್ವಾಮೀ?

ನನ್ನ ಸೆಮಿಯಾಟಿಕ್ಸ್ (ಚಿಹ್ನೆಗಳು ಅರ್ಥ ಕೊಡುವ ಬಗೆಯನ್ನು ಓದುವ ಶಾಸ್ತ್ರ) ಹುಚ್ಚು ನಿಮಗೆಲ್ಲ ಗೊತ್ತು. (ಅದಕ್ಕೇ ಯಾರೂ ನನ್ನ ಕೈಗೆ ಮದುವೆ ಆಲ್ಬಂ ಕೊಡುವುದಿಲ್ಲ.) ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1964ರಲ್ಲೇ ಬರೆದಿದ್ದ: ಚಿತ್ರಕ್ಕೆ ಹಲವು ಅರ್ಥಗಳಿರುತ್ತವೆ, ಜೊತೆಗಿರುವ ಮಾತು ಅದರಲ್ಲಿ ಒಂದಕ್ಕೆ ಲಂಗರು ಹಾಕುತ್ತದೆ. ಇಲ್ಲಿ ಆಗಿದ್ದೂ ಅದೇ. ಕ್ಯಾಮೆರಾ ಹಿಡಿದದ್ದು ಬಾಯಿ ಮೇಲಿನ ಕೈಯನ್ನು ಮಾತ್ರ. ಕರುಳು ಇವರು ಸೇರಿಸಿದ್ದು. ಸ್ವತಃ ಕ್ಲಿಂಟನ್ ಆಮೇಲೆ ಏನಂದರು ಗೊತ್ತಾ? ಅಲರ್ಜಿ ಕೆಮ್ಮು ತಡೆದುಕೊಳ್ಳುತ್ತಿದ್ದೆನೇನೋ ಅಂದರು! ನಿಜವೋ ಸಬೂಬೋ, ಬಿಡಿ. ಅದೇ ಕೋಣೆಯ ಗಂಡಸರೂ ಮುಖ ಬಿಗಿದುಕೊಂಡೇ ಇದ್ದಾರೆ. ಅವರಿಗೆ ಕರುಳೇ ಇಲ್ಲವಾ?

ಈಗ ಕುರ್ಚಿ ನೋಡಿ. ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿರುವುದು ಸಮವಸ್ತ್ರ ತೊಟ್ಟ ವಾಯುಪಡೆಯ ಅಧಿಕಾರಿ, ಬ್ರಿಗೇಡಿಯರ್ ಜನರಲ್ ಮಾರ್ಷಲ್ ವೆಬ್. ಅಧ್ಯಕ್ಷರು ಟೈ ಇಲ್ಲದೆ, ಜಾಕೆಟ್ ಹಾಕಿಕೊಂಡು ಮೂಲೆಯಲ್ಲಿ ಮುದುರಿ ಕೂತಿದ್ದಾರೆ. ಸೆಮಿಯಾಟಿಕ್ಸ್‌ನವರ ಹಳೇ ಪಟ್ಟು ಒಂದಿದೆ: ಯಾವುದಾದರೂ ಒಂದನ್ನು ಬದಲಿಸು, ಅರ್ಥ ಅಲುಗಾಡುತ್ತದಾ ನೋಡು. ಒಬಾಮಗೆ ಸೂಟು ತೊಡಿಸಿ ಆ ದೊಡ್ಡ ಕುರ್ಚಿಗೆ ಕಳಿಸಿ. "ನಾನೇ ದೊರೆ" ಅನ್ನುವ ಫೋಟೋ ಆಗುತ್ತದೆ. ಈಗಿರುವುದು "ನಾನೂ ನಿಮ್ಮ ಹಾಗೇ ಉಸಿರು ಬಿಗಿಹಿಡಿದಿದ್ದೆ" ಅನ್ನುತ್ತದೆ. ಮತ ಕೇಳುವವರಿಗೆ ಇದೇ ಜಾಸ್ತಿ ಲಾಭ.

ತೆಗೆದವರು ಪೀಟ್ ಸೂಜಾ, ಆಗ ಶ್ವೇತಭವನದ್ದೇ ಛಾಯಾಗ್ರಾಹಕ. ಬಿಡುಗಡೆ ಮಾಡಿದ್ದೂ ಶ್ವೇತಭವನ. ಕ್ಲಿಂಟನ್ ಮುಂದಿದ್ದ ಕಾಗದವನ್ನು ಮಸುಕು ಮಾಡಿ ಕೊಟ್ಟರು. ಇವರೆಲ್ಲ ದಿಟ್ಟಿಸುತ್ತಿರುವ ಪರದೆ ಫ್ರೇಮಿನಲ್ಲೇ ಇಲ್ಲ. ಲಾಡೆನ್ ಹೆಣದ ಫೋಟೋ ಹೊರಬಿಡಬಾರದು ಅಂತ ಒಬಾಮ ತೀರ್ಮಾನಿಸಿದರು. ಗುಂಡೇಟಿಲ್ಲ, ರಕ್ತವಿಲ್ಲ, ಸತ್ತವನಿಲ್ಲ. ಕಾಣುವುದು ಕಳವಳದ ಮುಖಗಳು ಮಾತ್ರ. ಇಷ್ಟು ಮುಚ್ಚಿಟ್ಟಿದ್ದು "ಎಲ್ಲ ಹೇಳುತ್ತೆ" ಅಂತೆ!

"ಸುಮ್ನೆ ಜಾಸ್ತಿ ಓದ್ತೀಯ, ಇಕ್ಕಟ್ಟಾದ ಕೋಣೆಯಲ್ಲಿ ಸಿಕ್ಕಿದ್ದನ್ನು ತೆಗೆದಿದ್ದಾನೆ" ಅನ್ನುತ್ತೀರಿ. ಸರಿ, ಸೂಜಾ ಸಂಚು ಮಾಡಿದ ಅಂತ ನಾನೆಲ್ಲಿ ಹೇಳಿದೆ? ಕ್ಲಿಕ್ ಮಾಡುವುದು ಬೇರೆ, ಅದರಲ್ಲಿ ಆರಿಸಿ ಜಗತ್ತಿನ ಮುಂದಿಡುವುದು ಬೇರೆ. ಆರಿಸುವಾಗ ಯಾರೂ ಕಣ್ಣು ಮುಚ್ಚಿಕೊಂಡಿರುವುದಿಲ್ಲ, ಅಲ್ವಾ?

ಇಷ್ಟೆಲ್ಲ ಬೈದರೂ ನನಗೆ ಈ ಫೋಟೋ ಅಂದರೆ ಪ್ರಾಣ. ನೋಡಿದಾಗಲೆಲ್ಲ ಕಣ್ಣು ಹೋಗುವುದು ಹಿಂದಿನ ಸಾಲಿಗೆ. ಅಲ್ಲಿ ಎತ್ತರದ ಗಂಡಸರ ನಡುವೆ ಆಡ್ರೆ ಟಾಮಸನ್ ಇಣುಕುತ್ತಿದ್ದಾರೆ. ಆಗ ಭಯೋತ್ಪಾದನೆ ನಿಗ್ರಹದ ಅಧಿಕಾರಿ. ಕಾಣುವುದು ಮುಖ ಮಾತ್ರ. ಆಕೆಯ ಕರುಳಿನ ಬಗ್ಗೆ ಯಾರೂ ಒಕ್ಕಣೆ ಬರೆದದ್ದು ನಾನು ನೋಡಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಸಂಪ್ರದಾಯಸ್ಥ ಯಹೂದಿಗಳ ಒಂದು ಯಿಡ್ಡಿಷ್ ಭಾಷೆಯ ಪತ್ರಿಕೆ, ಹೆಂಗಸರ ಚಿತ್ರ ಹಾಕುವುದಿಲ್ಲ ಅನ್ನುವ ನಿಯಮದಂತೆ, ಆಕೆಯನ್ನೂ ಕ್ಲಿಂಟನ್‌ರನ್ನೂ ಅಳಿಸಿ ಇದೇ ಫೋಟೋ ಅಚ್ಚು ಹಾಕಿತ್ತು. ಗಲಾಟೆಯಾದ ಮೇಲೆ ಕ್ಷಮೆ ಕೇಳಿತು. ಅಲ್ಲಿಯವರೆಗೆ ಅದರ ಓದುಗರ ಪಾಲಿಗೆ ಆ ಕೋಣೆಯಲ್ಲಿ ಹೆಂಗಸರೇ ಇರಲಿಲ್ಲ.