ಕಂಡದ್ದು, ಕಾಣದ್ದು ಮತ್ತು ಉಜ್ಬೆಕ್ ವ್ಯಾಕರಣ

ಉಜ್ಬೆಕ್ ಭಾಷೆಯಲ್ಲಿ ಅವನು, ಅವಳು, ಅದು ಎಲ್ಲಕ್ಕೂ ‘ಉ’ ಎಂಬ ಒಂದೇ ಸರ್ವನಾಮವಿದೆ. ಇದನ್ನೇ ಮುಂದಿಟ್ಟುಕೊಂಡು ಆ ಸಮಾಜದಲ್ಲಿ ಹೆಣ್ಣುಗಂಡೆಂಬ ಭೇದವಿಲ್ಲ ಎಂದು ವಾದಿಸುವುದನ್ನು ನಾನು ಒಪ್ಪಲಾರೆ. ಲಿಂಗಸೂಚನೆಯಿಲ್ಲದ ಸರ್ವನಾಮ ತುರ್ಕಿ ಕುಟುಂಬದ ಭಾಷೆಗಳಿಗೆಲ್ಲ ಬಂದ ಪಿತ್ರಾರ್ಜಿತ; ನೆರೆಯ ಪಾರ್ಸಿಯಲ್ಲೂ ಹಾಗೆಯೇ ಇದೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ಅದು ತಿಳಿಸುವುದಿಲ್ಲ. ಒಂದು ನುಡಿಯಲ್ಲಿ ಅದನ್ನಾಡುವವರ ಬದುಕನ್ನು ಹುಡುಕುವವರು, ಆ ನುಡಿ ಏನನ್ನು ಬಿಟ್ಟಿದೆ ಎನ್ನುವುದಕ್ಕಿಂತ ಏನನ್ನು ಹೇಳದೆ ಬಿಡುವುದಿಲ್ಲ ಎಂಬುದನ್ನು ನೋಡಬೇಕು.

ಉಜ್ಬೆಕ್ ಹೇಳದೆ ಬಿಡದ ಸಂಗತಿಗಳಲ್ಲಿ ಹಿರಿತನವೂ ಒಂದು. ‘ಲರ್’ ಅಲ್ಲಿನ ಬಹುವಚನ ಪ್ರತ್ಯಯ, ‘ನನ್ನ’ ಎಂಬುದಕ್ಕೆ ‘ಇಮ್’. ‘ಕಿತೋಬ್‌ಲರಿಮ್’ ಎಂದರೆ ನನ್ನ ಪುಸ್ತಕಗಳು. ತಂದೆಯಂಥ ಹಿರಿಯರ ವಿಷಯಕ್ಕೆ ಬಂದಾಗ ಮಾತ್ರ ‘ಲರ್’ ತನ್ನ ಜಾಗ ಬಿಟ್ಟು ಕೊನೆಗೆ ಹೋಗುತ್ತದೆ: ‘ದದಮ್‌ಲರ್ ಕೆಲ್ದಿಲರ್’, ನಮ್ಮ ತಂದೆಯವರು ಬಂದರು. ಬಹುವಚನದಿಂದ ಗೌರವ ಸೂಚಿಸುವುದು ಕನ್ನಡಿಗರಿಗೆ ಹೊಸದಲ್ಲವಾದರೂ, ಪ್ರತ್ಯಯವೊಂದು ಸ್ಥಾನ ಬದಲಿಸಿದ ಮಾತ್ರಕ್ಕೆ ಎಣಿಕೆ ಹೋಗಿ ಆದರವಾಗುವ ಈ ಬಗೆ ನನಗೆ ಬಹಳ ಪ್ರಿಯವಾದದ್ದು.

ಈ ಹಿರಿಕಿರಿತನದ ಲೆಕ್ಕ ಇಂದು ನಿನ್ನೆಯದಲ್ಲ. ಉಜ್ಬೆಕ್‌ನ ಪೂರ್ವರೂಪವಾದ ಚಗತಾಯಿಯ ಕವಿ ಅಲಿಶೇರ್ ನವಾಯಿ 1499ರಲ್ಲಿ ತನ್ನ ನುಡಿಯನ್ನೂ ಪಾರ್ಸಿಯನ್ನೂ ಹೋಲಿಸಿ ಒಂದು ಕೃತಿಯನ್ನೇ ಬರೆದ. ಪಾರ್ಸಿಯವರು ಅಣ್ಣತಮ್ಮಂದಿರಿಬ್ಬರನ್ನೂ ‘ಬಿರಾದರ್’ ಎನ್ನುತ್ತಾರೆ, ನಮ್ಮವರಲ್ಲಿ ಇಬ್ಬರಿಗೂ ಬೇರೆ ಬೇರೆ ಹೆಸರುಗಳಿವೆ ಎಂಬುದು ಅವನ ವಾದಗಳಲ್ಲೊಂದು. ಇಂದಿನ ಉಜ್ಬೆಕ್‌ನಲ್ಲಿ ಅಣ್ಣ ‘ಅಕ’, ತಮ್ಮ ‘ಉಕ’. ಬೀದಿಯಲ್ಲಿ ಸಿಕ್ಕ ಅಪರಿಚಿತನನ್ನು ಕರೆಯುವುದಕ್ಕೂ ಇವೇ ಮಾತುಗಳು.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದಿರುವುದು ಅಲ್ಲಿನ ಕ್ರಿಯಾಪದ. ಅತಿಥಿ ಬಂದದ್ದನ್ನು ಕಣ್ಣಾರೆ ಕಂಡವರು ‘ಮೆಹ್ಮೋನ್ ಕೆಲ್ದಿ’ ಎನ್ನುತ್ತಾರೆ. ಹೊಸ್ತಿಲ ಬಳಿ ಹೊಸ ಚಪ್ಪಲಿಗಳನ್ನು ನೋಡಿ ಊಹಿಸಿದವರು ‘ಮೆಹ್ಮೋನ್ ಕೆಲಿಬ್ದಿ’ ಎನ್ನಬೇಕು. ಬರಿಯ ಸುದ್ದಿಯಾದರೆ ‘ಎಮಿಶ್’ ಸೇರುತ್ತದೆ; ಗಾಳಿಮಾತಿಗೆ ಅವರಿಟ್ಟ ಹೆಸರೇ ‘ಮಿಶ್‌ಮಿಶ್’. ನಮ್ಮ ‘ಅಂತೆ’ ವಾಕ್ಯದ ಕೊನೆಗೆ ಅಂಟಿಕೊಳ್ಳುವ ಮಾತು, ಬೇಡವೆಂದರೆ ಬಿಡಬಹುದು. ‘ಕೆಲಿಬ್ದಿ’ಯಾದರೋ ಕಾಲರೂಪದೊಳಗೇ ಕುಳಿತಿದೆ. ಕಳೆದ ಶತಮಾನದಲ್ಲಿ ಉಜ್ಬೆಕ್ ಬರಹ ಅರಬ್ಬಿಯಿಂದ ಲ್ಯಾಟಿನ್ನಿಗೆ, 1940ರಲ್ಲಿ ಸಿರಿಲಿಕ್ಕಿಗೆ ಹೋಯಿತು, 1993ರ ಕಾನೂನಿನಿಂದ ಮತ್ತೆ ಲ್ಯಾಟಿನ್ನಿನತ್ತ ಹೊರಳಿತು. ಲಿಪಿಗಳನ್ನು ಸರಕಾರಗಳು ಬದಲಿಸಿದವು, ಕಂಡದ್ದಕ್ಕೂ ಕಾಣದ್ದಕ್ಕೂ ನಡುವಿನ ಈ ಗೆರೆಯನ್ನು ಜನ ಅಳಿಸಲಿಲ್ಲ.

ತನ್ನ ವಿಷಯದಲ್ಲೂ ಆ ಗೆರೆಗೆ ವಿನಾಯಿತಿಯಿಲ್ಲ. ತಡವಾಗಿ ಎದ್ದವನು ‘ಉಖ್ಲಬ್ ಕೋಲಿಬ್‌ಮನ್’ ಎನ್ನುತ್ತಾನೆ: ನನಗೆ ನಿದ್ದೆ ಹತ್ತಿಬಿಟ್ಟಿದೆ, ಅದು ಎದ್ದ ಮೇಲಷ್ಟೇ ತಿಳಿಯಿತು. ನಿದ್ದೆ ಅವನದೇ, ಆದರೆ ಅದು ಬಂದ ಗಳಿಗೆಯನ್ನು ಅವನು ಕಂಡಿಲ್ಲವಲ್ಲ.