ಒರಟು ಗೋಡೆಗೆ ನುಣುಪು ಗೋಡೆ ಕೂಡುವ ಕಡೆ

ಡಾಲಸ್‌ನ ನಮ್ಮ ಮನೆಯ ಗೋಡೆ ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬಿಯಂತೆ ಸದ್ದು ಮಾಡುತ್ತದೆ. ಕಟ್ಟಿಗೆಯ ಚೌಕಟ್ಟಿಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆ ಬಡಿದು, ಮೇಲೆ ಕಿತ್ತಳೆ ಸಿಪ್ಪೆಯಂಥ ಟೆಕ್ಸ್ಚರ್ ಸಿಂಪಡಿಸಿರುತ್ತಾರೆ. ಒಮ್ಮೆ ಪೈಪು ಸೋರಿ ಒಂದು ತುಂಡು ಕೊಯ್ದು ತೆಗೆದು ಬೇರೆ ಹಲಗೆ ಕೂಡಿಸಬೇಕಾಯಿತು. ನಾನೇ ಮಾಡಿದೆ. ಸಂದಿಗೆ ಕಾಗದದ ಪಟ್ಟಿ ಅಂಟಿಸಿ ಲೇಪ ಎಳೆದೆ: ಮೊದಲು ಆರಿಂಚು ಅಗಲ, ಒಣಗಿದ ಮೇಲೆ ಹತ್ತು, ಮತ್ತೆ ಒಣಗಿದ ಮೇಲೆ ಹನ್ನೆರಡು. ಹೀಗೆ ಅಗಲ ಮಾಡುತ್ತ ಹೋದರೆ ಉಬ್ಬು ಕರಗುತ್ತದೆ. ಕಷ್ಟ ಇರುವುದು ಟೆಕ್ಸ್ಚರ್‌ನಲ್ಲಿ. ಸಿಂಪಡಿಸುವ ಡಬ್ಬಿಯನ್ನು ಹತ್ತಿರ ಹಿಡಿದರೆ ದಪ್ಪ ಹನಿ, ದೂರ ಹಿಡಿದರೆ ಬರೀ ಪುಡಿ. ರಟ್ಟಿನ ಮೇಲೆ ಹತ್ತಾರು ಸಲ ಹೊಡೆದು ನೋಡಿ, ಹಳೆಯ ಗುಳ್ಳೆಗೆ ಹೊಸ ಗುಳ್ಳೆ ಹೊಂದಿದ ಮೇಲೆ ಗೋಡೆಗೆ ಕೈ ಹಚ್ಚಿದೆ. ಕೊನೆಗೆ ಮೂಲೆಯಿಂದ ಮೂಲೆಯವರೆಗೆ ಇಡೀ ಗೋಡೆಗೆ ಬಣ್ಣ. ಜೋಡು ಎಲ್ಲಿದೆ ಎಂದು ಬಂದವರಿಗೆ ಗೊತ್ತಾಗಬಾರದು, ಅಲ್ಲಿಯ ಕೆಲಸದ ಲೆಕ್ಕ ಅಷ್ಟೇ.

ಆ ಲೆಕ್ಕವನ್ನೇ ಹೊತ್ತುಕೊಂಡು ಕಲಬುರಗಿಗೆ ಬಂದು ತಪ್ಪು ಮಾಡಿದೆ.

ಬ್ರಹ್ಮಪುರದ ನಮ್ಮ ಹಳೆ ಮನೆಯದು ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಿಲಾವು. ಸಂಜೆಯ ಬೆಳಕಿನಲ್ಲಿ ನೋಡಿದರೆ ಥಾಪಿ ಎಳೆದ ಗುರುತು ಇನ್ನೂ ಇವೆ. ಎಳೆದವರು ಯಾರೋ, ಅವರ ಕೈ ಎಲ್ಲಿ ನಿಂತಿತ್ತು ಎನ್ನುವುದು ಸಹ ಕಾಣುತ್ತದೆ. ಪಡಸಾಲೆಯ ಒಂದು ಬಾಗಿಲು ಬೇಡವಾಗಿ ಇಟ್ಟಂಗಿಯಿಂದ ಮುಚ್ಚಿಸಿದೆವು. ಅದರ ಮೇಲೆ ಸಿಮೆಂಟ್ ಗಿಲಾವು, ಪುಟ್ಟಿ, ಉಜ್ಜಿ ಗಾಜಿನಂತೆ ನುಣುಪು. ಸುತ್ತಲಿನ ಹಳೆ ಗೋಡೆಗೂ ಒಂದೂವರೆ ಅಡಿ ಪುಟ್ಟಿ ಎಳೆದು ಜೋಡು ಮರೆಸಿರಿ ಎಂದು ಗೌಂಡಿಗೆ ಹೇಳಿದೆ. ಅಪ್ಪನ ಕಾಲದಿಂದ ನಮ್ಮ ಮನೆ ಕೆಲಸ ಮಾಡುವವರು ಅವರು. "ತಮ್ಮಾ, ಸುಣ್ಣದ ಗ್ವಾಡಿ ಉಸಿರಾಡ್ತದ, ಅದರ ಮೂಗು ಮುಚ್ಚಬ್ಯಾಡ್ರಿ" ಅಂದರು. ನಾನು ಕೇಳಲಿಲ್ಲ.

ಆಗಸ್ಟ್‌ನಲ್ಲಿ ಅವ್ವ ಫೋಟೋ ಕಳಿಸಿದಳು. ಹಳೆ ಗೋಡೆಯ ಮೇಲೆ ಎಳೆದಿದ್ದ ಪುಟ್ಟಿ ಹಪ್ಪಳದಂತೆ ಎದ್ದು ನಿಂತಿತ್ತು, ಒಳಗೆ ಬಿಳಿ ಉಪ್ಪು. ನೆಲದ ಹಸಿ ಕಲ್ಲಿನೊಳಗೆ ಏರುತ್ತದೆ, ಸುಣ್ಣದ ಮೈಯಿಂದ ಆರಿ ಹೋಗುತ್ತದೆ. ಅದಕ್ಕೆ ಅಡ್ಡ ಹಾಕಿದರೆ ಉಪ್ಪು ಹಿಂದೆಯೇ ಗಟ್ಟಿಯಾಗಿ ಮೇಲಿನ ಪದರವನ್ನು ತಳ್ಳುತ್ತದೆ. ಸುಣ್ಣ, ಸಿಮೆಂಟ್ ಎರಡೂ ಸುಣ್ಣಗಲ್ಲಿನಿಂದಲೇ ಬಂದವು; ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ಎದ್ದಿದ್ದೇ ಆ ಕಲ್ಲಿಗಾಗಿ. ಆದರೂ ಒಂದೇ ಗೋಡೆಯ ಮೇಲೆ ಎರಡಕ್ಕೂ ಹೊಂದುವುದಿಲ್ಲ.

ಪುಟ್ಟಿ ಏಳದೆ ಉಳಿದ ಕಡೆಯೂ ನೋಡಲಾಗುತ್ತಿರಲಿಲ್ಲ. ಪಶ್ಚಿಮದ ಕಿಟಕಿಯ ಬಿಸಿಲು ಗೋಡೆಗುಂಟ ಹಾಯ್ದರೆ ನಡುವೆ ಒಂದು ಹೊಟ್ಟೆ ಕಾಣುತ್ತಿತ್ತು. ಕಿತ್ತಳೆ ಸಿಪ್ಪೆಯ ಗುಳ್ಳೆ ಯಂತ್ರದ್ದು, ಅದನ್ನು ಮತ್ತೆ ಹೊಡೆಯಬಹುದು. ಅರವತ್ತು ವರ್ಷದ ಹಿಂದಿನ ಕೈಯ ಗುರುತನ್ನು ಮತ್ತೆ ಹೊಡೆಯಲು ಬರುವುದಿಲ್ಲ.

ಡಿಸೆಂಬರ್‌ನಲ್ಲಿ ಬಂದಾಗ ಗೌಂಡಿ ಕಾಕಾನ ಮಾತಿನಂತೆಯೇ ಮಾಡಿಸಿದೆ. ಹಳೆ ಗೋಡೆಯ ಮೇಲಿನ ಪುಟ್ಟಿಯನ್ನೆಲ್ಲ ಕೆರೆದು ತೆಗೆದರು. ಬಾಗಿಲಿನ ಇಟ್ಟಂಗಿ ಬಿಚ್ಚಿ, ಎರಡು ಬೆರಳು ಒಳಗೆ ಸರಿಸಿ ಮತ್ತೆ ಕಟ್ಟಿದರು. ಶಹಾಬಾದ ಕಲ್ಲಿನ ಹಳೆ ಚೌಕಟ್ಟು ಹಾಗೇ ಉಳಿಯಿತು: ಅದರೊಳಗೆ ನುಣುಪು, ಹೊರಗೆ ಒರಟು, ನಡುವೆ ಎರಡು ಬೆರಳಿನ ನೆರಳು. ಜೋಡು ಮುಚ್ಚುವ ಕೆಲಸವೇ ಉಳಿಯಲಿಲ್ಲ.

ಅದೇ ವಾರ ಊರಲ್ಲೇ ಇರುವ ಬಹಮನಿ ಸುಲ್ತಾನರ ಗೋರಿಗಳ ಗುಂಪು, ಹಫ್ತ್ ಗುಂಬಜ್‌ಗೆ ಹೋಗಿದ್ದೆ. 1422ರಲ್ಲಿ ತೀರಿಕೊಂಡ ಫಿರೋಜ್ ಶಾಹ ಬಹಮನಿಯ ಗೋರಿಯಲ್ಲಿ ಗಚ್ಚಿನ ಕೆತ್ತನೆ ನೋಡುತ್ತ ಬಹಳ ಹೊತ್ತು ನಿಂತೆ. ಬಳ್ಳಿ, ಪದಕ ಏನೇ ಇದ್ದರೂ ಅದಕ್ಕೊಂದು ಅಂಚಿದೆ, ಅಂಚಿನ ಆಚೆ ಬೇರೆ ಮೈ. ಚಿಕ್ಕಂದಿನಿಂದ ನೋಡಿದ್ದೇ ಆದರೂ ನನ್ನ ಮನೆಯ ಗೋಡೆ ಕೆಟ್ಟ ಮೇಲೆಯೇ ಅದು ಕಣ್ಣಿಗೆ ಬಿತ್ತು.

ಅಮೆರಿಕದ ರೀತಿ ಕೆಟ್ಟದ್ದು ಅನ್ನುತ್ತಿಲ್ಲ. ಹೊಸ ಬಡಾವಣೆಯ ಸಿಮೆಂಟ್ ಮನೆಯಲ್ಲಿ ವೈರಿಂಗ್‌ಗೆ ಗೋಡೆ ಕೊರೆದಿದ್ದರೆ ಆ ಅಗಲ ಮಾಡುತ್ತ ಹೋಗುವ ಲೇಪವೇ ಸರಿ. ಬಣ್ಣ ಬಳಿಯುವ ಮುಂಚೆ ರಾತ್ರಿ ಬ್ಯಾಟರಿಯನ್ನು ಗೋಡೆಗೆ ಒರಗಿಸಿ ಹಿಡಿದು ನೋಡುವುದನ್ನೂ ನಮ್ಮವರು ಕಲಿಯಬೇಕು, ಹಗಲಲ್ಲಿ ಕಾಣದ ಉಬ್ಬೆಲ್ಲ ಆಗ ಕಾಣುತ್ತದೆ. ಆದರೆ ನಮ್ಮ ಓಣಿಯಲ್ಲೇ ಒಂದಾದ ಮೇಲೊಂದು ಮನೆಯಲ್ಲಿ ಕಲ್ಲಿನ ಗೋಡೆಗೆ ಪುಟ್ಟಿ ಹಚ್ಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನುಣುಪು ಬೇಕಿದ್ದರೆ ಹೊಸ ಗೋಡೆಗೆ ಮಾಡಿಸಿ, ಮೂಲೆಗೋ ಚೌಕಟ್ಟಿಗೋ ನಿಲ್ಲಿಸಿ. ಗೋಡೆಯ ನಟ್ಟನಡುವೆ ಮಾತ್ರ ನಿಲ್ಲಿಸಬೇಡಿ.

ಹಳೆ ಗೋಡೆಗೆ ಈಗ ಮೂರು ಕೈ ಸುಣ್ಣ ಆಗಿದೆ. ಮಳೆಗಾಲದಲ್ಲಿ ಬುಡಕ್ಕೆ ಸ್ವಲ್ಪ ಉಪ್ಪು ಏಳುತ್ತದಂತೆ. ಅವ್ವ ಕಸಬರಿಗೆಯಿಂದ ಝಾಡಿಸುತ್ತಾಳೆ, ಗಿಲಾವು ಅಲುಗಿಲ್ಲ.